ಐವತ್ತೆರಡಕ್ಕೆ ಕೆಲಸ ಹೋದರೆ ಪೆನ್ಷನ್ ಏನಾಗುತ್ತದೆ?

ದಾವಣಗೆರೆಯಲ್ಲಿ ‘ನಾನು ಮಿಲ್ಲಿನಲ್ಲಿದ್ದೆ’ ಎನ್ನುವವರ ತಲೆ ಈಗ ಪೂರ್ತಿ ಬೆಳ್ಳಗಾಗಿದೆ. ಅವರ ಮಕ್ಕಳು ಗೋಡೌನು, ಗಾರ್ಮೆಂಟ್ಸು, ಸೆಕ್ಯುರಿಟಿ ಕೆಲಸಗಳಲ್ಲಿ ಐವತ್ತು ದಾಟುತ್ತಿದ್ದಾರೆ. ಎರಡೂ ತಲೆಮಾರಿನ ತಕರಾರು ಒಂದೇ: ವಯಸ್ಸಾಯಿತೆಂದು ಮನೆಗೆ ಕಳಿಸಿದರು, ಪೆನ್ಷನ್ ಲೆಕ್ಕ ಹತ್ತುತ್ತಿಲ್ಲ.

1952ರಲ್ಲಿ ಪಿಎಫ್ ಕಾಯ್ದೆ ಬಂತು. 1971ರಲ್ಲಿ ಬಂದ ಕುಟುಂಬ ಪಿಂಚಣಿ, ದುಡಿಯುವವನು ತೀರಿಕೊಂಡರೆ ಹೆಂಡತಿ ಮಕ್ಕಳಿಗೆ. ದುಡಿದವನಿಗೇ ಪಿಂಚಣಿ ಎಂದಾದದ್ದು 1995ರ ನವೆಂಬರ್ 16ರಿಂದ. ಅಷ್ಟರಲ್ಲಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ಊರಿನ ಮಿಲ್ಲುಗಳ ಕಾಲವೇ ಮುಗಿಯುತ್ತ ಬಂದಿತ್ತು.

ಕೆಲಸದಿಂದ ತೆಗೆಯುವುದಕ್ಕೆ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ನಿಯಮವಿತ್ತು: ತಿಂಗಳ ನೋಟಿಸು, ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ, ಕೊನೆಗೆ ಸೇರಿದವನು ಮೊದಲು ಹೊರಗೆ. ಹಳಬರಿಗೆ ಇದೊಂದೇ ಆಸರೆ. ಅಮೆರಿಕದಲ್ಲಿ ವಯಸ್ಸಿನ ಕಾರಣಕ್ಕೆ ಕೆಲಸದಿಂದ ತೆಗೆಯಬಾರದೆಂದು 40 ದಾಟಿದವರಿಗೆಂದೇ 1967ರಲ್ಲಿ ಕಾನೂನಾಯಿತು. ನಮ್ಮಲ್ಲಿ ಖಾಸಗಿ ನೌಕರನಿಗೆ ಅಂಥದ್ದಿಲ್ಲ. 2025ರ ನವೆಂಬರ್ 21ರಿಂದ 1947ರ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಜಾರಿಯಾದ ಮೇಲೂ ಇಲ್ಲ.

‘ನಿನಗೆ ವಯಸ್ಸಾಯಿತು’ ಎಂದು ಯಾರೂ ಕಾಗದದಲ್ಲಿ ಬರೆಯುವುದಿಲ್ಲ ಬಿಡಿ. ‘ರಾಜೀನಾಮೆ ಬರ್ಕೊಟ್ಬಿಡಿ, ಲೆಕ್ಕ ಚುಕ್ತಾ ಮಾಡ್ತೀವಿ’ ಎನ್ನುತ್ತಾರೆ. ಐದು ವರ್ಷ ದುಡಿದಿದ್ದರೆ ರಾಜೀನಾಮೆ ಕೊಟ್ಟವನಿಗೂ ಗ್ರಾಚ್ಯುಟಿ ಸಿಗುತ್ತದೆ. ತೆಗೆದುಹಾಕಿದ್ದಕ್ಕೆ ಕೊಡಬೇಕಾದ ಪರಿಹಾರ ಮಾತ್ರ ಆ ಒಂದು ಹಾಳೆಯಲ್ಲಿ ಹೋಗುತ್ತದೆ.

ಇನ್ನು ಪಿಂಚಣಿ. ಸಂಬಳದ ಸರಾಸರಿಯನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 14,000 ಸರಾಸರಿ, 10 ವರ್ಷ ಸೇವೆ ಎಂದರೆ ತಿಂಗಳಿಗೆ 2,000 ರೂಪಾಯಿ, ಅದೂ 58 ತುಂಬಿದ ಮೇಲೆ. 50ರ ನಂತರ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು, ಆದರೆ ಮುಂಚಿತವಾದ ಪ್ರತಿ ವರ್ಷಕ್ಕೆ ಶೇ 4 ಕಡಿತ. 52ಕ್ಕೆ ಕೆಲಸ ಕಳೆದುಕೊಂಡು ಆಗಲೇ ಕೈಚಾಚಿದವನಿಗೆ ನಾಲ್ಕರಲ್ಲಿ ಒಂದು ಪಾಲಿನ ಹತ್ತಿರ ಖೋತಾ, ಸಾಯುವ ತನಕ. ಕೆಲಸ ಬಿಟ್ಟದ್ದು ಅವನ ಇಚ್ಛೆಯೋ ಅಲ್ಲವೋ ಎಂದು ಸೂತ್ರ ಕೇಳುವುದಿಲ್ಲ. 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ 1,000 ರೂಪಾಯಿ. 7,500 ಆಗಲಿ ಎಂದು ಪಿಂಚಣಿದಾರರು ಕೂಗುತ್ತಲೇ ಇದ್ದಾರೆ.

ನಿಜವಾದ ಗಂಟು ಇರುವುದು ಸೇವೆ ಹತ್ತು ವರ್ಷ ತುಂಬದವರದ್ದು; ಅಷ್ಟು ತುಂಬದಿದ್ದರೆ ತಿಂಗಳ ಪಿಂಚಣಿಯೇ ಇಲ್ಲ. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಪಿಎಫ್ ನಂಬರು. 2014ರಲ್ಲಿ ಯುಎಎನ್ (ಎಷ್ಟು ಕೆಲಸ ಬದಲಿಸಿದರೂ ಒಬ್ಬನಿಗೆ ಒಂದೇ ನಂಬರು) ಬರುವ ಮುಂಚಿನ ನಂಬರುಗಳು ಎಷ್ಟೋ ಜನರ ಬಳಿ ಇಲ್ಲ. ಒಂದು ಕಡೆ ‘ಮಂಜಪ್ಪ’, ಇನ್ನೊಂದು ಕಡೆ ‘ಮಂಜುನಾಥ’. ಕೆಲಸ ಹೋದಾಗಲೆಲ್ಲ ಮನೆ ನಡೆಸಲು ‘ಪೆನ್ಷನ್ ದುಡ್ಡು ಬಿಡಿಸಿಕೊಳ್ಳುವುದು’ ರೂಢಿ. ಒಮ್ಮೆ ಬಿಡಿಸಿಕೊಂಡರೆ ಆವರೆಗಿನ ಸೇವೆ ಅಳಿಸಿತು. ಮುಂದಿನ ಕೆಲಸದಲ್ಲಿ ಎಣಿಕೆ ಮತ್ತೆ ಒಂದರಿಂದ. ಹೀಗೆ ಇಪ್ಪತ್ತು ವರ್ಷ ದುಡಿದೂ ಹತ್ತು ವರ್ಷದ ಸೇವೆ ಇಲ್ಲದವರು ನಮ್ಮ ಓಣಿಗಳಲ್ಲೇ ಇದ್ದಾರೆ.

ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್, ಅಂದರೆ ಆವರೆಗಿನ ಸೇವೆಯನ್ನು ದಾಖಲಿಸಿ ಕೊಡುವ ಪತ್ರ, ಕೇಳಿದ್ದರೆ ಆ ವರ್ಷಗಳು ಉಳಿಯುತ್ತಿದ್ದವು. ಎರಡಕ್ಕೂ ಫಾರಂ ಒಂದೇ, 10ಸಿ. ಅದನ್ನು ತುಂಬುವಾತ ಯಾವುದಕ್ಕೆ ಗುರುತು ಹಾಕಿದ ಎಂದು ಸಹಿಗೆ ಮುಂಚೆ ಕೇಳಿದವರನ್ನು ನಾನು ಹೆಚ್ಚು ಕಂಡಿಲ್ಲ.