ಕಾಳುಮೆಣಸಿಗಾಗಿ ಹಡಗು ಹತ್ತಿದವರ ಊಟ ಸಪ್ಪೆಯಾಗಿದ್ದು ಹೇಗೆ?

ಪ್ರಶ್ನೆ: ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದುತ್ತಿದ್ದಾಳೆ. ಫೋನ್ ಮಾಡಿದಾಗಲೆಲ್ಲ ಅಲ್ಲಿನ ಊಟ ಸಪ್ಪೆ ಎನ್ನುತ್ತಾಳೆ. ಮಸಾಲೆ ಪದಾರ್ಥಕ್ಕಾಗಿಯೇ ನಮ್ಮ ದೇಶಕ್ಕೆ ಬಂದವರು ಅದನ್ನು ಅಡುಗೆಗೆ ಹಾಕುವುದನ್ನು ಯಾಕೆ ಕಲಿಯಲಿಲ್ಲ? ಜೂನ್‌ನಲ್ಲಿ ನಾವೂ ಅಲ್ಲಿಗೆ ಹೋಗುವವರಿದ್ದೇವೆ. ಮೊಟ್ಟೆಯನ್ನೂ ತಿನ್ನದ ನಮಗೆ ಅಲ್ಲಿಯದೇ ಆದ ತಿನಿಸು ಏನಾದರೂ ಇದೆಯೇ?

ಉತ್ತರ: ಅವರು ಕಲಿಯಲಿಲ್ಲ ಎನ್ನುವುದು ಸರಿಯಲ್ಲ. ಚೆನ್ನಾಗಿಯೇ ಕಲಿತಿದ್ದರು, ಆಮೇಲೆ ಬಿಟ್ಟರು. ಇದು ಗೊತ್ತಾಗದೆ ಆ ಊಟದ ಬಗ್ಗೆ ತೀರ್ಪು ಕೊಡುವುದು ಅನ್ಯಾಯ ಎಂದೇ ನನಗನ್ನಿಸುತ್ತದೆ.

1390ರ ಸುಮಾರಿಗೆ ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡನ ಅರಮನೆಯ ಬಾಣಸಿಗರು ಸಿದ್ಧಪಡಿಸಿದ ಪಾಕಗ್ರಂಥ ಇವತ್ತಿಗೂ ಉಳಿದಿದೆ. ಅದನ್ನು ತೆರೆದರೆ ಶುಂಠಿ, ಚಕ್ಕೆ, ಲವಂಗ, ಜಾಪತ್ರೆ, ಕೇಸರಿ ಪುಟಪುಟದಲ್ಲೂ ಸಿಗುತ್ತವೆ. ಬಾದಾಮಿ ಹಾಲಿನಿಂದ ಗಟ್ಟಿ ಮಾಡಿದ ಸಾರುಗಳೂ ಅದರಲ್ಲಿವೆ. ಲಂಡನ್ನಿನಲ್ಲಿ ಮೆಣಸಿನ ವ್ಯಾಪಾರಿಗಳ ಸಂಘ 1180ರಷ್ಟು ಹಿಂದೆಯೇ ಇತ್ತು. ಎಸೆಕ್ಸ್‌ನ ಸ್ಯಾಫ್ರನ್ ವಾಲ್ಡನ್ ಎಂಬ ಊರಿಗೆ ಆ ಹೆಸರು ಬಂದಿದ್ದೇ ಅಲ್ಲಿ ಬೆಳೆಯುತ್ತಿದ್ದ ಕೇಸರಿಯಿಂದ. ಕೆಟ್ಟ ಮಾಂಸದ ವಾಸನೆ ಮುಚ್ಚಲು ಮಸಾಲೆ ಹಾಕುತ್ತಿದ್ದರು ಎಂಬ ಮಾತನ್ನು ನೀವೂ ಕೇಳಿರಬಹುದು. ಅದನ್ನು ನಂಬಬೇಡಿ. ಮಸಾಲೆ ಮಾಂಸಕ್ಕಿಂತ ಎಷ್ಟೋ ಪಾಲು ತುಟ್ಟಿಯಾಗಿತ್ತು. ಕೇಸರಿ ಕೊಳ್ಳುವ ಶಕ್ತಿ ಇದ್ದವನಿಗೆ ತಾಜಾ ಮಾಂಸ ಕೊಳ್ಳುವುದು ಕಷ್ಟವಾಗಿರಲಿಲ್ಲ.

ಬದಲಾವಣೆ ಬಂದಿದ್ದು 17ನೇ ಶತಮಾನದಲ್ಲಿ. ಈಸ್ಟ್ ಇಂಡಿಯಾ ಕಂಪನಿಗೆ 1600ರ ಕೊನೆಯ ದಿನ ಸನ್ನದು ಸಿಕ್ಕಿತು. ಡಚ್ಚರ, ಇಂಗ್ಲಿಷರ ಹಡಗುಗಳು ರಾಶಿರಾಶಿ ಮೆಣಸು ಹೊತ್ತು ತಂದವು. ನಮ್ಮ ಕಾರವಾರದಲ್ಲೂ ಆ ಶತಮಾನದಲ್ಲಿ ಇಂಗ್ಲಿಷರ ವ್ಯಾಪಾರದ ಕೋಠಿ ಇತ್ತು, ಘಟ್ಟದ ಮೆಣಸು ಅಲ್ಲಿಂದ ಹಡಗೇರುತ್ತಿತ್ತು. ಮಾಲು ಹೆಚ್ಚಿತು, ಬೆಲೆ ಇಳಿಯಿತು. ಸಾಮಾನ್ಯ ವ್ಯಾಪಾರಿಯ ಮನೆಯಲ್ಲೂ ಮಸಾಲೆ ಸಿಗತೊಡಗಿದ ಮೇಲೆ ಶ್ರೀಮಂತರಿಗೆ ಅದರಲ್ಲಿ ಪ್ರತಿಷ್ಠೆ ಉಳಿಯಲಿಲ್ಲ.

ಇದರ ಜೊತೆಗೆ ವೈದ್ಯರ ತಿಳಿವಳಿಕೆಯೂ ಬದಲಾಯಿತು. ನಮ್ಮಲ್ಲಿ ಪಪ್ಪಾಯಿ ಉಷ್ಣ, ಎಳನೀರು ತಂಪು ಎನ್ನುವುದಿಲ್ಲವೇ? ಯುರೋಪಿನಲ್ಲೂ ಅಂಥದೇ ಲೆಕ್ಕಾಚಾರ ಇತ್ತು. ಮೀನು ತಂಪು, ಅದಕ್ಕೆ ಉಷ್ಣದ ಶುಂಠಿ ಬೇಕು ಎಂಬ ಹಾಗೆ. ಆ ನಂಬಿಕೆ ಸಡಿಲವಾದಂತೆ ಮಸಾಲೆಗಿದ್ದ ಔಷಧದ ಆಧಾರವೂ ಕಳಚಿತು. ಅದೇ ಕಾಲಕ್ಕೆ ಫ್ರಾನ್ಸ್‌ನಲ್ಲಿ ಹೊಸ ಅಡುಗೆ ಹುಟ್ಟಿತು. ಬೆಣ್ಣೆ, ಅಣಬೆ, ಹಸಿ ಸೊಪ್ಪು, ಮೂಳೆ ಕುದಿಸಿದ ರಸ ಇವುಗಳಿಂದ ಪದಾರ್ಥದ ಸ್ವಂತ ರುಚಿಯನ್ನು ಎತ್ತಿ ತೋರಿಸಬೇಕು ಎನ್ನುವ ಅಡುಗೆ ಅದು. ಇಂಗ್ಲಿಷರು ಫ್ರೆಂಚ್ ಬಾಣಸಿಗರನ್ನು ಎಷ್ಟೇ ಬೈದರೂ ಈ ತತ್ವವನ್ನು ಒಪ್ಪಿಕೊಂಡರು. ಒಳ್ಳೆಯ ದನದ ಮಾಂಸವನ್ನು ಬೆಂಕಿಯ ಮುಂದೆ ತಿರುಗಿಸುತ್ತ ಸುಟ್ಟು, ತೊಟ್ಟಿಕ್ಕಿದ ಜಿಡ್ಡಿನಲ್ಲೇ ಹಿಟ್ಟು ಬೇಯಿಸಿ ಯಾರ್ಕ್‌ಷೈರ್ ಪುಡಿಂಗ್ ಮಾಡುವುದು, ನಂಚಿಕೊಳ್ಳಲು ಸಾಸಿವೆ ಇಡುವುದು ಅವರ ಹೆಮ್ಮೆಯ ಊಟವಾಯಿತು. ಅದು ಸಪ್ಪೆ ಊಟವಲ್ಲ, ಬೇರೆ ದಾರಿಯ ರುಚಿ.

ನಿಜವಾಗಿ ಪೆಟ್ಟು ಬಿದ್ದಿದ್ದು ಆಮೇಲೆ. ಜನ ಹೊಲ, ಹಿತ್ತಿಲು ಬಿಟ್ಟು ಗಿರಣಿಗಳಿದ್ದ ಪಟ್ಟಣ ಸೇರಿದರು. 1851ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡ್, ವೇಲ್ಸ್‌ಗಳ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳು. ಅನೇಕ ಬಾಡಿಗೆ ಕೋಣೆಗಳಲ್ಲಿ ಸರಿಯಾದ ಒಲೆಯೇ ಇರಲಿಲ್ಲ. ಬ್ರೆಡ್ಡು, ಸಕ್ಕರೆ ಹಾಕಿದ ಟೀ, ಆಲೂಗಡ್ಡೆ, ಇಷ್ಟರಲ್ಲೇ ದಿನ ದೂಡಬೇಕು. ತಾಯಿಯಿಂದ ಮಗಳಿಗೆ ಬರುತ್ತಿದ್ದ ಹಳ್ಳಿಯ ಅಡುಗೆ ಎರಡೇ ತಲೆಮಾರಿನಲ್ಲಿ ಮರೆಯಾಯಿತು. ಮಧ್ಯಮ ವರ್ಗದ ಮನೆಗಳಲ್ಲೂ ತರಕಾರಿಯನ್ನು ಬೇಯಿಸಿ ಬೇಯಿಸಿ ಸತ್ವ ತೆಗೆಯುವ ರೂಢಿ. 1861ರಲ್ಲಿ ಬಂದ ಮಿಸೆಸ್ ಬೀಟನ್ ಅವರ ಗೃಹಕೃತ್ಯದ ಪುಸ್ತಕ ದೊಡ್ಡ ಕ್ಯಾರೆಟ್ಟನ್ನು ಒಂದೂಮುಕ್ಕಾಲರಿಂದ ಎರಡೂಕಾಲು ಗಂಟೆ ಕುದಿಸಲು ಹೇಳುತ್ತದೆ.

ಆದರೆ ನಿಮ್ಮ ಮಗಳು ಹೇಳುವ ಸಪ್ಪೆಗೆ ಹೆಚ್ಚಿನ ಕಾರಣ ಇನ್ನೂ ಹತ್ತಿರದ್ದು: ಎರಡನೇ ಮಹಾಯುದ್ಧದ ಕಾಲದ ರೇಷನ್. 1940ರ ಜನವರಿ 8ರಂದು ಬೆಣ್ಣೆ, ಸಕ್ಕರೆ, ಉಪ್ಪು ಹಚ್ಚಿದ ಹಂದಿಮಾಂಸವಾದ ಬೇಕನ್‌ಗಳಿಂದ ಅದು ಶುರುವಾಯಿತು. ವಾರಕ್ಕೆ ಒಬ್ಬರಿಗೆ ಸುಮಾರು 57 ಗ್ರಾಂ ಬೆಣ್ಣೆ, ಅಷ್ಟೇ ಟೀಪುಡಿ, ಅಷ್ಟೇ ಚೀಸ್, ಒಂದು ಮೊಟ್ಟೆ. ಕೆಲವು ಸಲ ಇದಕ್ಕಿಂತ ತುಸು ಹೆಚ್ಚು, ಕೆಲವು ಸಲ ಕಡಿಮೆ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯ ಮತ್ತು ಚಾನೆಲ್ ದ್ವೀಪಗಳನ್ನು ಜರ್ಮನ್ನರು ಹಿಡಿದ ಮೇಲೆ ಅಲ್ಲಿಂದ ಬರುತ್ತಿದ್ದ ಈರುಳ್ಳಿ ನಿಂತೇ ಹೋಯಿತು. ಈರುಳ್ಳಿಯನ್ನು ಲಾಟರಿಯ ಬಹುಮಾನವಾಗಿ ಇಟ್ಟ ಪ್ರಸಂಗಗಳಿವೆ. ಒಗ್ಗರಣೆಗೆ ಎಣ್ಣೆಯಿಲ್ಲ, ಈರುಳ್ಳಿಯಿಲ್ಲ ಎಂದರೆ ನಮ್ಮ ಅಡುಗೆಮನೆಯಾದರೂ ಏನು ಮಾಡೀತು? ಊರೂರಿಗೆ ಒಂದೊಂದು ಬಗೆಯಿದ್ದ ಚೀಸಿನ ಕಥೆಯೂ ಇದೇ. ಹಾಲನ್ನೆಲ್ಲ ಸರ್ಕಾರವೇ ಕೊಂಡು ಒಂದೇ ಬಗೆಯ ಗಟ್ಟಿ ಚೀಸ್ ಮಾಡಿಸಿದ್ದರಿಂದ ಎಷ್ಟೋ ಸ್ಥಳೀಯ ಚೀಸುಗಳು ಅಳಿವಿನ ಅಂಚಿಗೆ ಹೋದವು.

ಯುದ್ಧ 1945ಕ್ಕೆ ಮುಗಿದರೂ ರೇಷನ್ ಮುಗಿಯಲಿಲ್ಲ. ಯುದ್ಧದಲ್ಲಿ ಮುಟ್ಟದಿದ್ದ ಬ್ರೆಡ್ಡಿಗೂ 1946ರಲ್ಲಿ ರೇಷನ್ ಬಂತು, ಎರಡು ವರ್ಷ ಇತ್ತು. ಕೊನೆಗೆ ಮಾಂಸದ ನಿರ್ಬಂಧ ತೆಗೆದಿದ್ದು 1954ರ ಜುಲೈ 4ರಂದು. ಇದೇ ಪದ್ಧತಿಯಿಂದ ಬಡ ಮಕ್ಕಳ ಹೊಟ್ಟೆ ಹಿಂದೆಂದಿಗಿಂತ ಚೆನ್ನಾಗಿ ತುಂಬಿತು, ಆ ಗೌರವ ಅದಕ್ಕೆ ಸಲ್ಲಬೇಕು. ಆದರೆ 1940ರಲ್ಲಿ ಹುಟ್ಟಿದ ಹುಡುಗಿಗೆ ಅದು ಮುಗಿಯುವಾಗ 14 ವರ್ಷ. ಅವಳು ಅಮ್ಮನಿಂದ ಕಲಿತಿದ್ದು ಇರುವುದರಲ್ಲಿ ಹೊಂದಿಸುವ ಅಡುಗೆಯನ್ನು. ಮುಂದೆ ಮಕ್ಕಳಿಗೆ ಬಡಿಸಿದ್ದೂ ಅದನ್ನೇ.

ಹಾಗಾದರೆ ಹಳೆಯ ಮಸಾಲೆಗಳೆಲ್ಲ ಎಲ್ಲಿ ಹೋದವು? ಸಿಹಿತಿಂಡಿಯಲ್ಲಿ ಮತ್ತು ಸೀಸೆಗಳಲ್ಲಿ ಉಳಿದುಕೊಂಡವು. ಕ್ರಿಸ್‌ಮಸ್ ಪುಡಿಂಗ್‌ನಲ್ಲಿ ಒಣದ್ರಾಕ್ಷಿಯ ಜೊತೆ ಜಾಯಿಕಾಯಿ, ಚಕ್ಕೆ, ಲವಂಗ. ಲೀಡ್ಸ್ ಇರುವ ಸೀಮೆಯಾದ ಯಾರ್ಕ್‌ಷೈರ್‌ನವರು ನವೆಂಬರ್ 5ರ ಬಾನ್‌ಫೈರ್ ರಾತ್ರಿ ತಿನ್ನುವ ಪಾರ್ಕಿನ್ ಎಂಬ ಕೇಕ್‌ನಲ್ಲಿ ಧಾರಾಳ ಶುಂಠಿ, ಓಟ್ಸ್, ನಮ್ಮ ಜೋನಿಬೆಲ್ಲವನ್ನು ನೆನಪಿಸುವ ಕಪ್ಪು ಪಾಕ. ವೂಸ್ಟರ್ ಸಾಸ್‌ನ ಹುಳಿಯಲ್ಲಿ ಹುಣಸೆಹಣ್ಣಿನ ಪಾಲಿದೆ. ಕರಿ ಮಾಡುವ ವಿಧಾನವನ್ನು ಹ್ಯಾನಾ ಗ್ಲಾಸ್ ಎಂಬಾಕೆ 1747ರಲ್ಲೇ ಅಚ್ಚು ಹಾಕಿಸಿದ್ದಳು. ಅವರ ಮಲಿಗಟಾನಿ ಸೂಪಿನ ಹೆಸರು ತಮಿಳಿನ ಮಿಳಗು ತಣ್ಣಿಯಿಂದ ಬಂದದ್ದು, ಅಂದರೆ ಮೆಣಸಿನ ನೀರು. ಅದರ ಮೂಲ ನಮ್ಮ ಮೆಣಸಿನ ಸಾರಿನ ಹತ್ತಿರದ ನೆಂಟ.

ಇನ್ನು ನೀವು ತಿನ್ನಬಹುದಾದದ್ದು. ಮೊದಲು ಎಚ್ಚರಿಕೆಯ ಮಾತು: ಯಾರ್ಕ್‌ಷೈರ್‌ನ ಎಷ್ಟೋ ಅಂಗಡಿಗಳಲ್ಲಿ ಆಲೂಗಡ್ಡೆ ಚಿಪ್ಸನ್ನು ದನದ ಕೊಬ್ಬಿನಲ್ಲೇ ಕರಿಯುತ್ತಾರೆ, ಕೇಳಿಯೇ ಕೊಳ್ಳಿ. ವೂಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಯಾರ್ಕ್‌ಷೈರ್ ಪುಡಿಂಗ್‌ನಲ್ಲಿ ಮೊಟ್ಟೆ. ಚೀಸ್ ಕೊಳ್ಳುವಾಗ ಸಸ್ಯಾಹಾರಿ ಎಂಬ ಗುರುತು ನೋಡಿ, ಕೆಲವಕ್ಕೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಆ ಗುರುತಿರುವ ವೆನ್ಸ್ಲಿಡೇಲ್ ಸಿಕ್ಕರೆ ಬಿಡಬೇಡಿ. ಅದು ಅದೇ ಸೀಮೆಯ ಚೀಸ್, ಉದುರುದುರಾಗಿ, ತುಸು ಹುಳಿಯಾಗಿ ಇರುತ್ತದೆ.

ನನ್ನ ಆಯ್ಕೆ ಮಾತ್ರ ರೂಬಾರ್ಬ್ ಕ್ರಂಬಲ್. ರೂಬಾರ್ಬ್ ಕೆಂಪು ದಂಟಿನ, ತೀರಾ ಹುಳಿಯಾದ ಗಿಡ. ದಂಟನ್ನು ಸಕ್ಕರೆ ಹಾಕಿ ಬೇಯಿಸಿ, ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆ ಉಜ್ಜಿ ಉದುರಿಸಿ ಓವನ್‌ನಲ್ಲಿಟ್ಟರೆ ಕ್ರಂಬಲ್. ಇದಕ್ಕೆ ಮೊಟ್ಟೆ ಬೇಕಿಲ್ಲ. ಜೊತೆಗೆ ಬಿಸಿ ಕಸ್ಟರ್ಡ್ ಸುರಿಯುತ್ತಾರೆ, ಅದು ಪುಡಿಯಿಂದ ಮಾಡಿದ್ದೇ ಎಂದು ಕೇಳಿಕೊಳ್ಳಿ. ಬರ್ಮಿಂಗ್‌ಹ್ಯಾಮ್‌ನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್ 1837ರಲ್ಲಿ ಹೆಂಡತಿಗೆ ಮೊಟ್ಟೆ ಒಗ್ಗದು ಎಂದು ಮೆಕ್ಕೆಜೋಳದ ಪಿಷ್ಟದಿಂದ ಕಂಡುಹಿಡಿದ ಪುಡಿ ಅದು. ನಮ್ಮ ಮನೆಗಳ ಫ್ರೂಟ್ ಕಸ್ಟರ್ಡ್‌ನ ಮೂಲವೂ ಅದೇ.

ಈ ರೂಬಾರ್ಬಿಗೆ ಹೆಸರಾದ ಸೀಮೆ ಲೀಡ್ಸ್‌ನ ಮಗ್ಗುಲಲ್ಲೇ ಇದೆ, ವೇಕ್‌ಫೀಲ್ಡ್, ಮೋರ್ಲಿ, ರಾಥ್‌ವೆಲ್‌ಗಳ ನಡುವೆ. ಜೂನ್‌ನಲ್ಲಿ ನಿಮಗೆ ಸಿಗುವುದು ಬಯಲಲ್ಲಿ ಬೆಳೆದದ್ದು. ಚಳಿಗಾಲದ ಬೆಳೆಯೇ ಬೇರೆ: ಗಿಡದ ಬುಡಗಳನ್ನು ಕತ್ತಲೆಯ ಶೆಡ್ಡಿಗೆ ತಂದು, ಬೆಚ್ಚಗಿಟ್ಟು, ಮೋಂಬತ್ತಿಯ ಬೆಳಕಿನಲ್ಲಿ ಕೀಳುತ್ತಾರೆ. ನಿಮ್ಮ ಮಗಳು ಫೆಬ್ರವರಿಯಲ್ಲಿ ಅಲ್ಲೇ ಇರುತ್ತಾಳಲ್ಲ, ಯಾವುದಾದರೂ ಶೆಡ್ಡಿಗೆ ಹೋಗಿ ಬರಲಿ. ಸದ್ದು ಮಾಡದೆ ನಿಂತರೆ ಮೊಗ್ಗು ಬಿರಿದು ದಂಟು ಮೇಲೇಳುವಾಗ ಚಟ್ ಚಟ್ ಎನ್ನುವುದು ಕೇಳಿಸುತ್ತದೆ.