ಹೆಸರು ಬರೆಸಿರದ ಹೆಂಡತಿ: ಯೋಧರ ವಿಧವೆಯರ ಪಿಂಚಣಿ ಇಷ್ಟು ಗೋಜಲಾದದ್ದು ಹೇಗೆ

ಗೋಕಾಕ ಕಡೆಯ ಒಂದು ಹಳ್ಳಿಯ ಮನೆಯಲ್ಲಿ, ದೇವರ ಜಗಲಿಯ ಪಕ್ಕದ ಗೋಡೆಗೆ ಒಂದು ಜೋಡಿ ಫೋಟೊ ತೂಗುಹಾಕಿದ್ದಾರೆ. ಎಡಕ್ಕೆ ಇಪ್ಪತ್ತೆರಡು ವರ್ಷದ ಸಿಪಾಯಿ, ಮೀಸೆ ಇನ್ನೂ ಸರಿಯಾಗಿ ಬಲಿತಿಲ್ಲ. ಬಲಕ್ಕೆ ಎಪ್ಪತ್ತು ದಾಟಿದ ಅಜ್ಜಿ. ನೋಡಿದವರು ಅಜ್ಜಿ, ಮೊಮ್ಮಗ ಎಂದುಕೊಳ್ಳುತ್ತಾರೆ. ಅವರು ಗಂಡ ಹೆಂಡತಿ. ಇಬ್ಬರೂ ಕೂಡಿ ಒಂದು ಫೋಟೊ ತೆಗೆಸಿಕೊಳ್ಳುವಷ್ಟು ದಿನ ಅವರಿಗೆ ಸಿಗಲಿಲ್ಲ. ಪಟ್ಟಣದ ಸ್ಟುಡಿಯೊದವನು ಎರಡು ಬೇರೆ ಬೇರೆ ಫೋಟೊ ಜೋಡಿಸಿ ಮಾಡಿಕೊಟ್ಟದ್ದು ಅದು.

1965ರ ಬೇಸಿಗೆಯಲ್ಲಿ ಮದುವೆ. ರಜೆ ಮುಗಿಸಿ ಗಂಡ ಹೊರಟುಹೋದ. ಸೆಪ್ಟೆಂಬರಿನಲ್ಲಿ ಯುದ್ಧ, ಆಮೇಲೆ ತಂತಿ. ದೇಹ ಬರಲಿಲ್ಲ. ಆಗೆಲ್ಲ ಗಡಿಯ ಹತ್ತಿರವೇ ಸಂಸ್ಕಾರ ಮುಗಿಸಿ ಸೈನಿಕನ ಟ್ರಂಕನ್ನು ಊರಿಗೆ ಕಳಿಸುತ್ತಿದ್ದರು. ಪಿಂಚಣಿಯೂ ಬಂತು, ಆದರೆ ಮಾವನ ಹೆಸರಿಗೆ. ಸೈನ್ಯ ಸೇರುವಾಗ ಹುಡುಗ ವಾರಸುದಾರ ಎಂದು ಅಪ್ಪನ ಹೆಸರು ಬರೆಸಿದ್ದ. ಮದುವೆಯಾದ ಮೇಲೆ ಅದನ್ನು ಬದಲಿಸಲು ಸಮಯವಿರಲಿಲ್ಲ. ಪೋಸ್ಟ್‌ಮನ್ ತಿಂಗಳಿಗೊಮ್ಮೆ ಮನಿಯಾರ್ಡರ್ ತಂದು ಮಾವನ ಕೈಗೆ ಎಣಿಸುತ್ತಿದ್ದ. ಮಾವ ತೀರಿಕೊಂಡ ತಿಂಗಳಿಗೆ ಅದು ನಿಂತಿತು. ಆ ಹಣ ಮುಂದೆ ತನಗೆ ವರ್ಗವಾಗಬಹುದಿತ್ತು ಎಂಬುದು ಆಕೆಗೆ ಗೊತ್ತಾಗಲು ಮೂರು ದಶಕ ಹಿಡಿಯಿತು. ಅಷ್ಟೂ ವರ್ಷ ಕಬ್ಬಿನ ಗದ್ದೆಯಲ್ಲಿ ಕೂಲಿ. ಈಗ ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ.

ಇಂಥ ಕಡತಗಳ ಹಿಂದೆ ಕೆಲವು ವರ್ಷ ಓಡಾಡಿದ್ದೇನೆ. ಅರ್ಜಿ ಬರೆದುಕೊಟ್ಟಿದ್ದೇನೆ, ಕಚೇರಿಯ ಬೆಂಚಿನ ಮೇಲೆ ಅವರ ಪಕ್ಕ ಕೂತಿದ್ದೇನೆ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಪಿಂಚಣಿ ಕೊಡಬೇಕು ಎಂಬ ಬಗ್ಗೆ ಈ ದೇಶದಲ್ಲಿ ಯಾರಿಗೂ ತಕರಾರಿಲ್ಲ. ಆದರೂ ಒಬ್ಬ ಬಡ ಹೆಂಗಸು ಅದಕ್ಕಾಗಿ ಇಷ್ಟು ಬಾಗಿಲು ಬಡಿಯಬೇಕಾಗಿ ಬಂದದ್ದು ಹೇಗೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬ್ರಿಟಿಷರ ಕಾಲದಲ್ಲಿ ಪಿಂಚಣಿ ಎಂದರೆ ಸರ್ಕಾರ ಒಲಿದು ಕೊಡುವ ಇನಾಮು. ಎರಡನೇ ಮಹಾಯುದ್ಧಕ್ಕೆ ಭಾರತದಿಂದ ಸುಮಾರು 25 ಲಕ್ಷ ಮಂದಿ ಹೋದರು, 87 ಸಾವಿರದಷ್ಟು ಮಂದಿ ಸತ್ತರು. ಬದುಕಿ ಬಂದವರಲ್ಲಿ ಬಹುಪಾಲು ಜನರನ್ನು ಯುದ್ಧ ಮುಗಿದ ಕೂಡಲೇ ಮನೆಗೆ ಕಳಿಸಲಾಯಿತು. ಸಿಪಾಯಿಗೆ ಪಿಂಚಣಿ ಬೇಕೆಂದರೆ 15 ವರ್ಷದ ಸೇವೆ ಆಗಿರಬೇಕು. ಬರ್ಮಾದ ಕಾಡಿನಲ್ಲೂ ಇಟಲಿಯ ಬೆಟ್ಟದಲ್ಲೂ ಕಾದಾಡಿ ಬಂದವರ ಸೇವೆ ಐದಾರು ವರ್ಷವಷ್ಟೇ. ಅವರಿಗೂ ಇಲ್ಲ, ಅವರ ಹಿಂದೆ ಉಳಿದ ಹೆಂಡತಿಯರಿಗೂ ಇಲ್ಲ. ‘ನಾನ್ ಪೆನ್ಷನರ್’ ಎಂಬ ಮಾತು ಮಾಜಿ ಸೈನಿಕರ ಬಾಯಲ್ಲಿ ಇವತ್ತಿಗೂ ಓಡಾಡುತ್ತದೆ. ಧ್ವಜ ದಿನಾಚರಣೆಯ ನಿಧಿಯಿಂದ, ರಾಜ್ಯ ಸರ್ಕಾರಗಳಿಂದ ಇವರಿಗೆ ಆಮೇಲೆ ಸಹಾಯಧನ ಬಂದದ್ದು ನಿಜ. ಆದರೆ ಸಹಾಯಧನ ಬೇರೆ, ಹಕ್ಕು ಬೇರೆ.

1964ರ ಜನವರಿ 1ರಿಂದ ಸಾಮಾನ್ಯ ಕುಟುಂಬ ಪಿಂಚಣಿ ಯೋಜನೆ ಬಂತು. ಯುದ್ಧದಲ್ಲಿ ಸತ್ತವರಿಗೆ ಅದಕ್ಕೂ ಮೊದಲೇ ವಿಶೇಷ ಕುಟುಂಬ ಪಿಂಚಣಿ ಇತ್ತು. 1971ರ ಯುದ್ಧ ಮುಗಿದ ಮೇಲೆ, 1972ರ ಫೆಬ್ರುವರಿಯಲ್ಲಿ, ರಣರಂಗದಲ್ಲಿ ಮಡಿದವರ ಕುಟುಂಬಗಳಿಗಾಗಿ ಉದಾರೀಕೃತ ಪಿಂಚಣಿಯ ಆದೇಶ ಹೊರಬಿತ್ತು. ಅದೇ ವರ್ಷ ಸಮಾಜ ಸೇವಕಿ ಮೋಹಿನಿ ಗಿರಿ ದೆಹಲಿಯಲ್ಲಿ ಯುದ್ಧ ವಿಧವೆಯರ ಸಂಘ ಕಟ್ಟಿದರು. ಗಂಡ ಸತ್ತವಳಿಗೆ ಹಣದ ಜೊತೆ ಒಂದು ಕಸುಬು, ಒಂದು ಸೂರು ಬೇಕು ಎಂಬ ಮಾತು ಸಾರ್ವಜನಿಕವಾಗಿ ಗಟ್ಟಿಯಾಗಿ ಕೇಳಿಸಿದ್ದು ಆಗ.

ಅಲ್ಲಿಂದ ಮುಂದೆ ಮೂರು ಬಗೆಯ ಪಿಂಚಣಿ ಬೆಳೆದು ನಿಂತವು. ಈಗಿನ ಲೆಕ್ಕದಲ್ಲಿ ಸಾಮಾನ್ಯ ಕುಟುಂಬ ಪಿಂಚಣಿ ಎಂದರೆ ಕೊನೆಯ ವೇತನದ ಶೇ 30. ಸಾವಿಗೂ ಸೇವೆಗೂ ಸಂಬಂಧ ಇದೆ ಎಂದಾದರೆ ವಿಶೇಷ, ಶೇ 60. ಯುದ್ಧದಲ್ಲೋ ಉಗ್ರರ ಗುಂಡಿಗೋ ಸತ್ತರೆ ಉದಾರೀಕೃತ, ಅಂದರೆ ಪೂರ್ತಿ ವೇತನ. 2001ರ ಜನವರಿಯ ಆದೇಶ ಸಾವುಗಳನ್ನು ‘ಎ’ಯಿಂದ ‘ಇ’ವರೆಗೆ ಐದು ಪಟ್ಟಿ ಮಾಡಿತು. ಕಾಗದದ ಮೇಲೆ ನೋಡಿದರೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಹೆಂಗಸಿನ ಕಡೆಯಿಂದ ನೋಡಿ. ಹಿಮದ ನಡುವೆ ಗಸ್ತು ತಿರುಗುವಾಗ ಎದೆ ಹಿಡಿದು ಕುಸಿದವನ ಸಾವು ಯಾವ ಅಕ್ಷರಕ್ಕೆ ಸೇರಬೇಕು? ಆ ಒಂದು ಅಕ್ಷರದ ಮೇಲೆ ಅವಳ ಮಕ್ಕಳ ಓದು, ಮನೆ, ಮುಪ್ಪು ಎಲ್ಲವೂ ನಿಂತಿದೆ. ಅದನ್ನು ಬರೆಯುವಾಗ ಅವಳು ಅಲ್ಲಿ ಇರುವುದಿಲ್ಲ. ಅವಳ ಕೈಗೆ ಬರುವುದು ಬರೆದಾದ ಮೇಲಿನ ಪ್ರತಿ.

ಇಂಥದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2013ರಲ್ಲಿ ಜಮ್ಮು ಕಾಶ್ಮೀರದ ಗಡಿಯಲ್ಲಿ ವಿಪರೀತ ಚಳಿಯ ನಡುವೆ ಗಸ್ತಿನಲ್ಲಿದ್ದ ನಾಯಕ್ ದರ್ಜೆಯ ಸೈನಿಕರೊಬ್ಬರು ಹೃದಯ ನಿಂತು ತೀರಿಕೊಂಡಿದ್ದರು. ಪತ್ನಿಗೆ ಉದಾರೀಕೃತ ಪಿಂಚಣಿ ಕೊಡಿ ಎಂದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಹೇಳಿತು. ಅದರ ವಿರುದ್ಧ ಕೇಂದ್ರ ಮೇಲ್ಮನವಿ ಹಾಕಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ತಳ್ಳಿಹಾಕಿ, ಈ ಹೆಣ್ಣುಮಗಳನ್ನು ಇಲ್ಲಿಯವರೆಗೆ ಎಳೆಯಬಾರದಿತ್ತು ಎಂಬರ್ಥದ ಮಾತು ಹೇಳಿ, 50,000 ರೂಪಾಯಿ ಖರ್ಚು ಕಟ್ಟಿಕೊಡುವಂತೆ ಆದೇಶಿಸಿತು. ಅವರು ಗೆದ್ದರು. ಗಂಡ ಸತ್ತು ಆಗ ಹನ್ನೊಂದು ವರ್ಷ ಕಳೆದಿತ್ತು.

ನ್ಯಾಯಾಲಯಗಳು ಈ ವಿಷಯದಲ್ಲಿ ಹಿಂದಿನಿಂದಲೂ ಸರ್ಕಾರಿ ಸುತ್ತೋಲೆಗಳಿಗಿಂತ ಒಂದು ಹೆಜ್ಜೆ ಮುಂದಿವೆ. ಪಿಂಚಣಿ ಭಿಕ್ಷೆಯಲ್ಲ, ದುಡಿದವನ ಹಕ್ಕು ಎಂದು 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಂಥ ತಾರೀಖಿಗಿಂತ ಮೊದಲು ನಿವೃತ್ತರಾದವರಿಗೆ ಹೊಸ ಲಾಭ ಇಲ್ಲ ಎಂಬ ಗೆರೆಯನ್ನು ಅಳಿಸಿತು. 1964ಕ್ಕಿಂತ ಹಿಂದಿನವರ ವಿಧವೆಯರಿಗೂ ಕುಟುಂಬ ಪಿಂಚಣಿಯ ಬಾಗಿಲು ತೆರೆದದ್ದು 1985ರ ಪೂನಮಲ್ ತೀರ್ಪು. ಆದರೂ ‘ಇಂದಿನಿಂದ ಜಾರಿ’ ಎಂಬ ಪದ ಆದೇಶಗಳಿಂದ ಹೋಗಲಿಲ್ಲ. ಪ್ರತಿ ವೇತನ ಆಯೋಗ ಬಂದಾಗಲೂ ಒಂದು ತಾರೀಖು, ಅದರ ಆಚೆ ಒಂದಷ್ಟು ಹೆಂಗಸರು. ಯಾರೂ ಅವರನ್ನು ಬೇಕೆಂದು ಬಿಟ್ಟದ್ದಲ್ಲ. ಆದೇಶ ಬರೆಯುವ ಮೇಜಿನ ಮೇಲೆ ಅವರ ಮುಖ ಇರುವುದಿಲ್ಲ, ಅಷ್ಟೇ.

ಮರುಮದುವೆಯ ನಿಯಮವನ್ನೂ ಇಲ್ಲಿ ಹೇಳಬೇಕು. ಹಳೆಯ ನಿಯಮದಲ್ಲಿ ವಿಧವೆ ಇನ್ನೊಂದು ಮದುವೆಯಾದರೆ ವಿಶೇಷ ಪಿಂಚಣಿ ನಿಲ್ಲುತ್ತಿತ್ತು. ಸತ್ತವನ ಸಹೋದರನನ್ನೇ ಮದುವೆಯಾದರೆ ಮಾತ್ರ ವಿನಾಯಿತಿ. ಉತ್ತರ ಭಾರತದ ಕೆಲವು ಸಮುದಾಯಗಳ ಪದ್ಧತಿ ಇಡೀ ದೇಶದ ಹೆಂಗಸರಿಗೆ ನಿಯಮವಾಯಿತು. ಅತ್ತಿಗೆಯನ್ನು ತಾಯಿಯ ಸಮಾನ ಎನ್ನುವ ನಮ್ಮ ಕಡೆಯ ಮನೆಗಳಲ್ಲಿ ಈ ಷರತ್ತನ್ನು ಓದಿ ಹೇಳಲೂ ಬಾಯಿ ಬರುವುದಿಲ್ಲ. ಶೌರ್ಯ ಪದಕದ ಜೊತೆಗಿನ ಭತ್ಯೆಗೆ ಅಂಟಿದ್ದ ಇದೇ ಷರತ್ತನ್ನು ತೆಗೆದುಹಾಕಿದ್ದು 2017ರಲ್ಲಿ. ಅಷ್ಟರಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಎಷ್ಟೋ ಮಂದಿ ಒಂಟಿಯಾಗಿಯೇ ಮುದುಕಿಯರಾಗಿದ್ದರು.

ಇನ್ನು ನಾನು ಹತ್ತಿರದಿಂದ ಕಂಡ ಭಾಗ: ದಾಖಲೆ.

ಸೈನಿಕನ ಬದುಕಿನಲ್ಲಿ ಏನೇ ಆದರೂ, ಮದುವೆ, ಮಗು, ಸಾವು, ಅದು ಅವನ ಘಟಕದ ‘ಪಾರ್ಟ್ ಟು ಆರ್ಡರ್’ನಲ್ಲಿ ಪ್ರಕಟವಾಗಬೇಕು. ಅಲ್ಲಿಂದ ರೆಕಾರ್ಡ್ ಆಫೀಸಿನ ಕಡತಕ್ಕೆ, ಅಲ್ಲಿಂದ ಪ್ರಯಾಗರಾಜ್‌ನಲ್ಲಿರುವ ರಕ್ಷಣಾ ಲೆಕ್ಕಪತ್ರಗಳ ಪಿಂಚಣಿ ಕಚೇರಿಗೆ. ಅಲ್ಲಿ ಪಿಪಿಓ, ಅಂದರೆ ಪಿಂಚಣಿ ಪಾವತಿಯ ಆದೇಶ, ಹುಟ್ಟುತ್ತದೆ. ಈ ಸರಪಳಿಯಲ್ಲಿ ಹೆಂಡತಿಯ ಹೆಸರು ಒಮ್ಮೆ ಸರಿಯಾಗಿ ಸೇರಿದರೆ ಎಲ್ಲವೂ ಸಲೀಸು. ಸೇರದಿದ್ದರೆ ಸರ್ಕಾರದ ಕಣ್ಣಿಗೆ ಅವನು ಬ್ರಹ್ಮಚಾರಿಯಾಗಿಯೇ ಸತ್ತ.

ಅರವತ್ತರ ದಶಕದ ಹಳ್ಳಿಯಲ್ಲಿ ಮದುವೆ ನೋಂದಣಿ ಎಂಬ ಮಾತೇ ಇರಲಿಲ್ಲ. ರಜೆಗೆ ಬಂದು ಮದುವೆಯಾಗಿ ಹೋದ ಹುಡುಗ ಘಟಕಕ್ಕೆ ಮರಳಿ, ಬಿಡುವು ನೋಡಿ ಗುಮಾಸ್ತನ ಹತ್ತಿರ ಬರೆಸಬೇಕಿತ್ತು. ಬರೆಸಿದರೂ ಬರೆದುಕೊಳ್ಳುವವನು ಬೇರೆ ನಾಡಿನವನು. ಊರಲ್ಲಿ ನೀಲವ್ವ, ಸೈನ್ಯದ ಕಾಗದದಲ್ಲಿ ನೀಲಾಬಾಯಿ. ಊರಲ್ಲಿ ಕಲ್ಲವ್ವ, ಅಲ್ಲಿ ಕಲಾವತಿ. ರೇಷನ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಮದುವೆಯಾದ ಮೇಲೆ ಗಂಡನ ಮನೆಯವರು ಹೆಸರೇ ಬದಲಿಸುವ ಪದ್ಧತಿ ಬೇರೆ ನಮ್ಮಲ್ಲಿದೆ. ಹುಟ್ಟಿದ ತಾರೀಖು ಕೇಳಿದರೆ ಬರಗಾಲದ ವರ್ಷವನ್ನೋ ಹೊಳೆ ಬಂದ ವರ್ಷವನ್ನೋ ಹೇಳುತ್ತಾರೆ. ಎಲ್ಲರ ಜನ್ಮದಿನವೂ ಜನವರಿ 1 ಆಗಿರುವುದು ಅದಕ್ಕೇ.

ಇದನ್ನು ಸರಿಪಡಿಸಲು ದಾರಿ ಇಲ್ಲದಿಲ್ಲ. ಬಾಂಡ್ ಪೇಪರಿನ ಮೇಲೆ ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ತಹಶೀಲ್ದಾರರಿಂದ ವಂಶಾವಳಿ, ಪಂಚಾಯಿತಿಯಿಂದ ಮರುಮದುವೆಯಾಗಿಲ್ಲ ಎಂಬ ದಾಖಲೆ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮುದ್ರೆ. ಇವುಗಳಲ್ಲಿ ಒಂದೂ ಅನ್ಯಾಯದ ಬೇಡಿಕೆಯಲ್ಲ. ಸುಳ್ಳು ಹಕ್ಕುದಾರರು ಬರುತ್ತಾರೆ, ಕಚೇರಿಯವರು ಎಚ್ಚರದಿಂದ ಇರಲೇಬೇಕು. ಆದರೆ ಒಂದೊಂದು ಕಾಗದಕ್ಕೂ ಒಂದು ಕೂಲಿ ದಿನ ಹೋಗುತ್ತದೆ, ಬಸ್ ಚಾರ್ಜು ಹೋಗುತ್ತದೆ. ಆರು ತಿಂಗಳ ಮೇಲೆ ಉತ್ತರ ಬಂದರೆ ಅದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಶಾಲೆಯ ಮಾಸ್ತರರ ಹತ್ತಿರ ಓದಿಸಿಕೊಂಡು ಬರುವ ಹೊತ್ತಿಗೆ ಅದರಲ್ಲಿ ಕೊಟ್ಟ ಗಡುವು ಮುಗಿದಿರುತ್ತದೆ. ಬಡವಿಯಾದ್ದರಿಂದ ಪಿಂಚಣಿ ಬೇಕು, ಬಡವಿಯಾದ್ದರಿಂದಲೇ ಅದರ ಹಿಂದೆ ಓಡಾಡಲಾಗುವುದಿಲ್ಲ.

ತಡವಾದದ್ದಕ್ಕೆ ಇನ್ನೊಂದು ಬೆಲೆಯೂ ಇದೆ. ತಿಂಗಳು ತಿಂಗಳು ಬರಬೇಕಾದ ಪಿಂಚಣಿ ಬಾರದಿರುವುದು ಮುಂದುವರಿಯುತ್ತಲೇ ಇರುವ ತಪ್ಪು, ಎಷ್ಟು ವರ್ಷದ ಮೇಲಾದರೂ ಕೇಳಬಹುದು ಎಂದು 2008ರ ತರ್ಸೇಮ್ ಸಿಂಗ್ ತೀರ್ಪು ಹೇಳಿತು. ಆದರೆ ಹಿಂಬಾಕಿಯನ್ನು ಸಾಮಾನ್ಯವಾಗಿ ಅರ್ಜಿಗಿಂತ ಹಿಂದಿನ ಮೂರು ವರ್ಷಕ್ಕೆ ಮಿತಿಗೊಳಿಸಿತು. ನಲವತ್ತು ವರ್ಷ ಗೊತ್ತಾಗದೆ ಕೂತಿದ್ದವಳಿಗೆ ಸಿಗುವುದು ಮೂರು ವರ್ಷದ್ದು.

ಕಾರ್ಗಿಲ್ ಬಹಳಷ್ಟನ್ನು ಬದಲಿಸಿತು. 1999ರಲ್ಲಿ ಮಡಿದ 527 ಮಂದಿಯ ದೇಹಗಳು ಊರುಗಳಿಗೆ ಬಂದವು, ಟಿವಿಯಲ್ಲಿ ಕಂಡವು. ಪರಿಹಾರ, ಪೆಟ್ರೋಲ್ ಬಂಕು, ಗ್ಯಾಸ್ ಏಜೆನ್ಸಿ ಎಂದು ನೆರವು ಹರಿಯಿತು. ಅದು ಸರಿಯೇ. ಆದರೆ ಅದೇ ಜಿಲ್ಲೆಯಲ್ಲಿ 1962ರ, 65ರ, ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯ ವಿಧವೆಯರೂ ಇದ್ದರು. ಅವರ ಗಂಡಂದಿರು ಸತ್ತಾಗ ಯಾವ ಕ್ಯಾಮೆರಾವೂ ಇರಲಿಲ್ಲ.

2016ರ ಜನವರಿಯಿಂದ ಕನಿಷ್ಠ ಕುಟುಂಬ ಪಿಂಚಣಿ 9,000 ರೂಪಾಯಿ, ತುಟ್ಟಿಭತ್ಯೆ ಬೇರೆ. ಆಮೇಲೆ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆ ಬಂತು. ಬ್ಯಾಂಕುಗಳ ಮಧ್ಯಸ್ಥಿಕೆ ತಪ್ಪಿತು, ಮಂಜೂರಾತಿ ಬೇಗ ಆಗತೊಡಗಿತು. ಓದು ಬರಹ ಬಲ್ಲ ಕುಟುಂಬಗಳಿಗೆ ಇದು ನಿಜವಾದ ಅನುಕೂಲ. ಆದರೆ ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ತೋರಿಸಿಕೊಳ್ಳಬೇಕು. 2022ರ ಏಪ್ರಿಲ್‌ನಲ್ಲಿ ಗುರುತು ದೃಢಪಡದೆ 58 ಸಾವಿರಕ್ಕೂ ಹೆಚ್ಚು ಪಿಂಚಣಿದಾರರ ಖಾತೆಗೆ ಆ ತಿಂಗಳ ಹಣ ಬೀಳಲಿಲ್ಲ. ರಕ್ಷಣಾ ಸಚಿವಾಲಯ ವಿನಾಯಿತಿ ಕೊಟ್ಟು ಹಣ ಬಿಡುಗಡೆ ಮಾಡಿತು. ಕಬ್ಬು ಕಡಿದು, ಭಾಂಡೆ ತಿಕ್ಕಿ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಒಂದು ಸೇವಾ ಕೇಂದ್ರದಲ್ಲಿ ಒಬ್ಬ ಅಜ್ಜಿ ಹತ್ತೂ ಬೆರಳನ್ನು ಒಂದೊಂದಾಗಿ ಸೆರಗಿಗೆ ಒರೆಸಿ ಒರೆಸಿ ಒತ್ತಿದ್ದನ್ನು ನೋಡಿದ್ದೇನೆ. ಹತ್ತನೆಯ ಬೆರಳಿಗೆ ಹಸಿರು ದೀಪ ಹತ್ತಿತು. 2021ರಿಂದ ಮುಖ ತೋರಿಸಿ ದೃಢೀಕರಿಸುವ ಸೌಲಭ್ಯವಿದೆ. ಅದಕ್ಕೆ ಸ್ಮಾರ್ಟ್‌ಫೋನು ಬೇಕು, ಅದನ್ನು ಹಿಡಿಯುವ ಮೊಮ್ಮಗ ಬೇಕು.

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಘೋಷಣೆಯಾಯಿತು. ನಾಲ್ಕು ವರ್ಷದ ಸೇವೆ, ಪಿಂಚಣಿ ಇಲ್ಲ. ಅಗ್ನಿವೀರ ಕರ್ತವ್ಯದಲ್ಲಿ ಸತ್ತರೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ, ಉಳಿದ ಅವಧಿಯ ಸಂಬಳ. ಒಟ್ಟು ಮೊತ್ತ ದೊಡ್ಡದೇ. ಆದರೆ ಹೆಂಡತಿಗೋ ತಾಯಿಗೋ ತಿಂಗಳಾದ ಮೇಲೆ ತಿಂಗಳು ಬರುವ ಕುಟುಂಬ ಪಿಂಚಣಿ ಇಲ್ಲ. ಒಮ್ಮೆಗೇ ಬಂದ ಹಣ ನಮ್ಮ ಹಳ್ಳಿಯ ಕೂಡು ಕುಟುಂಬದಲ್ಲಿ ಯಾರ ಕೈಗೆ ಹೋಗುತ್ತದೆ, ಎಷ್ಟು ವರ್ಷ ಉಳಿಯುತ್ತದೆ ಎಂಬುದನ್ನು ಮನಿಯಾರ್ಡರ್ ಕಾಲದ ಹೆಂಗಸರು ಬಲ್ಲರು.

ಗೋಕಾಕ ಕಡೆಯ ಅಜ್ಜಿಯ ಕಡತ ಮೂರನೆಯ ಸಲ ವಾಪಸ್ ಬಂದಿದೆ. ಈ ಸಲದ ಪತ್ರದಲ್ಲಿ ಒಂದೇ ಒಂದು ಬೇಡಿಕೆ: ಮದುವೆಯನ್ನು ಕಣ್ಣಾರೆ ಕಂಡ ಇಬ್ಬರ ಹೇಳಿಕೆ. ಊರಿನಲ್ಲಿ ಅಂಥವರು ಒಬ್ಬರೇ ಉಳಿದಿದ್ದಾರೆ, ಅಂದು ಹಂದರದ ಮುಂದೆ ಹಲಗೆ ಬಾರಿಸಿದವರು. ಅವರು ಹೆಬ್ಬೆಟ್ಟು ಒತ್ತಿಕೊಟ್ಟಿದ್ದಾರೆ. ತವರೂರಿನಲ್ಲಿ ಆಕೆಯ ಜೊತೆ ಬೆಳೆದ ಗೆಳತಿಯೊಬ್ಬಳು ಇನ್ನೂ ಇದ್ದಾಳಂತೆ. ಮುಂದಿನ ಸೋಮವಾರ ಅಲ್ಲಿಗೆ ಹೋಗುತ್ತಿದ್ದೇವೆ.