ಕಳ್ಳಬೇಟೆಗಾರನ ಬಿತ್ತನೆ ಬೀಜ

"ಬೇಟೆಗೆ ಹತ್ತು ಕಾಡುಪ್ರಾಣಿ ಸತ್ತರೆ ಹತ್ತು ಹುಟ್ಟುತ್ತವೆ, ಅದಕ್ಕೇಕೆ ಇಷ್ಟು ಗೋಳು?" ಎನ್ನುವವರಿಗೆ ನನ್ನದೊಂದೇ ಪ್ರಶ್ನೆ: ಸತ್ತವು ಯಾವುವು? ಸಿಂಹಕ್ಕೆ ಸಿಗುವುದು ಹೆಚ್ಚಾಗಿ ಮುದಿಯವು, ಕುಂಟುವವು, ಎಳೆಯವು. ಬಂದೂಕು ಹುಡುಕುವುದು ಎಲ್ಲಕ್ಕಿಂತ ದೊಡ್ಡ ಕೊಂಬು, ಉದ್ದನೆಯ ದಂತ. ರೈತ ಗಟ್ಟಿ ಕಾಳನ್ನು ಬಿತ್ತನೆಗೆ ಎತ್ತಿಟ್ಟು ಜೊಳ್ಳನ್ನು ತೂರುತ್ತಾನೆ. ಬೇಟೆಗಾರ ಗಟ್ಟಿ ಕಾಳನ್ನು ಹೊತ್ತೊಯ್ದು ಜೊಳ್ಳನ್ನೇ ಬಿತ್ತನೆಗೆ ಬಿಡುತ್ತಾನೆ. ಕೆನಡಾದ ಆಲ್ಬರ್ಟಾದ ರ‍್ಯಾಮ್ ಮೌಂಟನ್‌ನಲ್ಲಿ ಸುಮಾರು ಮೂವತ್ತು ವರ್ಷ ಹೀಗೆ ದೊಡ್ಡ ಕೊಂಬಿನ ಕಾಡು ಟಗರುಗಳನ್ನೇ ಹೊಡೆದದ್ದಕ್ಕೆ, ಉಳಿದ ಸಂತತಿಯ ಕೊಂಬು ಚಿಕ್ಕದಾಗುತ್ತಾ ಬಂತು.

ಆಫ್ರಿಕಾದ ಮೊಜಾಂಬಿಕ್‌ನ ಗೊರೊಂಗೋಸಾ ರಾಷ್ಟ್ರೀಯ ಉದ್ಯಾನದ ಕಥೆ ಇನ್ನೂ ಘೋರ. 1977ರಿಂದ 1992ರವರೆಗಿನ ಅಂತರ್ಯುದ್ಧದಲ್ಲಿ ಎರಡೂ ಕಡೆಯವರು ದಂತಕ್ಕೂ ಮಾಂಸಕ್ಕೂ ಆನೆ ಕೊಂದರು. ಶೇ 90ಕ್ಕೂ ಹೆಚ್ಚು ಆನೆಗಳು ಹೋದವು. ಆಫ್ರಿಕಾದಲ್ಲಿ ಹೆಣ್ಣಾನೆಗೂ ದಂತವಿರುತ್ತದೆ. ಯುದ್ಧಕ್ಕೆ ಮುಂಚೆ ಅಲ್ಲಿ ದಂತವಿಲ್ಲದ ಹೆಣ್ಣಾನೆಗಳು ಶೇ 18.5ರಷ್ಟಿದ್ದವು, 2000ದ ಹೊತ್ತಿಗೆ ಅರ್ಧಕ್ಕರ್ಧ. "ಜೀವ ಉಳಿಸಿಕೊಳ್ಳಲು ಆನೆ ದಂತ ತ್ಯಜಿಸಿತು" ಎಂದು ಯಾರಾದರೂ ಬರೆದರೆ ನನಗೆ ರೇಗುತ್ತದೆ. ಆನೆ ಏನನ್ನೂ ತ್ಯಜಿಸಲಿಲ್ಲ. ದಂತವಿದ್ದವು ಸತ್ತವು, ಇಲ್ಲದವು ಉಳಿದು ಮರಿ ಹಾಕಿದವು.

ಆದರೆ ದಂತವಿಲ್ಲದ ಗಂಡಾನೆ ಮಾತ್ರ ಅಲ್ಲಿ ಕಾಣಸಿಗಲಿಲ್ಲ! ಇದರ ಸುಳಿವು ಸಿಕ್ಕಿದ್ದು 2021ರಲ್ಲಿ, ಗಂಡು-ಹೆಣ್ಣು ನಿರ್ಧರಿಸುವ ವರ್ಣತಂತುಗಳಲ್ಲೊಂದಾದ ಎಕ್ಸ್ ಕ್ರೋಮೋಸೋಮ್‌ನಲ್ಲಿ. ದಂತವೆಂದರೆ ಮೇಲ್ದವಡೆಯ ಬಾಚಿಹಲ್ಲು. ಹಲ್ಲಿನ ಎನಾಮೆಲ್‌ಗೆ ಬೇಕಾದ ಒಂದು ಜೀನ್ ಆ ಎಕ್ಸ್‌ನಲ್ಲೇ ಇದೆ. ಹೆಣ್ಣಿಗೆ ಎರಡು ಎಕ್ಸ್. ಒಂದು ಕೆಟ್ಟರೆ ದಂತ ಹೋಗುತ್ತದೆ, ಜೀವ ಉಳಿಯುತ್ತದೆ. ದೋಣಿಯ ಎರಡು ಹುಟ್ಟುಗಳಲ್ಲಿ ಒಂದು ಮುರಿದ ಹಾಗೆ, ಸೊಟ್ಟಗಾದರೂ ದಡ ಸೇರಬಹುದು. ಗಂಡಿಗಿರುವುದು ಒಂದೇ ಎಕ್ಸ್. ಒಕ್ಕಣ್ಣನಿಗೆ ಇದ್ದ ಕಣ್ಣೂ ಹೋದಂತೆ. ಅಂಥ ಗಂಡು ಭ್ರೂಣ ಹೊಟ್ಟೆಯಲ್ಲೇ ಸಾಯುತ್ತದೆ ಎಂಬುದು ವಿಜ್ಞಾನಿಗಳ ತೀರ್ಮಾನ. ಲೆಕ್ಕವೂ ತಾಳೆಯಾಗುತ್ತದೆ: ಗಂಡುಮರಿಗಳಲ್ಲಿ ಅರ್ಧ ಹೀಗೆ ಹೋದರೆ, ಹುಟ್ಟುವ ಮೂರರಲ್ಲಿ ಎರಡು ಹೆಣ್ಣಾಗಬೇಕು. ದಂತವಿಲ್ಲದ ತಾಯಂದಿರಿಗೆ ಹೆಚ್ಚುಕಡಿಮೆ ಹಾಗೇ ಆಗುತ್ತಿದೆ. 1992ರಲ್ಲಿ ಸುಮ್ಮನಾದ ಬಂದೂಕು ಇನ್ನೂ ಗರ್ಭದೊಳಗೆ ಕೊಲ್ಲುತ್ತಿದೆ.

 

ದಂತ ಬರೀ ಅಲಂಕಾರವೂ ಅಲ್ಲ. ಆನೆ ಅದರಿಂದ ತೊಗಟೆ ಸುಲಿಯುತ್ತದೆ, ಬತ್ತಿದ ಹೊಳೆಯ ಮರಳು ಕೆದಕಿ ನೀರು ತೆಗೆಯುತ್ತದೆ. ಅದು ಕುಡಿದು ಹೊರಟ ಮೇಲೆ ಆ ಗುಂಡಿಗೆ ಹುಲ್ಲೆಗಳು ಬರುತ್ತವೆ, ಹಕ್ಕಿಗಳು ಇಳಿಯುತ್ತವೆ.